ಆಫ್ ಸೀಸನ್ನಿನ ಎತ್ತರದ ಕೆಲಸ: ಸಿಜರ್ ಲಿಫ್ಟ್ ಹತ್ತುವ ಮುನ್ನ

ಕಬ್ಬು ನುರಿಸುವ ಹಂಗಾಮು ಮುಗಿದು ಮಿಲ್ಲು ತಣ್ಣಗಾದ ಮೇಲೆ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಇನ್ನೊಂದು ಹಂಗಾಮು ಶುರುವಾಗುತ್ತದೆ. ಸಮೀರವಾಡಿ, ಉತ್ತೂರು, ಕುಳಲಿ, ಜಮಖಂಡಿ ಕಡೆಯ ಸಿದ್ದಾಪುರ, ಹಿರೇಪಡಸಲಗಿ, ಬೀಳಗಿಯ ಬಾಡಗಂಡಿ, ಎಲ್ಲಿ ಹೋದರೂ ಫಿಟರ್, ವೆಲ್ಡರ್, ಪೇಂಟರ್, ಶೀಟು ಹಾಕುವವರ ಗುಂಪುಗಳು. ತುಕ್ಕು ತಿಂದ ಪೈಪು ಬದಲಿಸಬೇಕು, ಗೋಡೌನಿನ ಹರಿದ ಶೀಟು ಕಿತ್ತು ಹೊಸದು ಹಾಕಬೇಕು, ಕ್ರೇನು ಓಡಾಡುವ ತೊಲೆಗಳಿಗೆ ಬಣ್ಣ ಬಳಿಯಬೇಕು, ಆರಿಹೋದ ಲೈಟು ಬದಲಿಸಬೇಕು. ಮುದ್ದಾಪುರ, ಲೋಕಾಪುರದ ಸಿಮೆಂಟ್ ಕಾರ್ಖಾನೆಗಳಲ್ಲೂ ಕಿಲ್ನ್ ನಿಂತಾಗ ಇದೇ ಗಡಿಬಿಡಿ. ಇವುಗಳಲ್ಲಿ ಹೆಚ್ಚಿನ ಕೆಲಸ ನೆಲದ ಮೇಲೆ ನಿಂತು ಮಾಡುವಂಥದ್ದಲ್ಲ.

ಮೊದಲು ಇದಕ್ಕೆಲ್ಲ ನಿಚ್ಚಣಿಕೆ, ಸಾರವೆ ಇದ್ದವು. ತುರ್ತಿಗೆ ಜೆಸಿಬಿಯ ಬಕೆಟ್ಟಿನಲ್ಲಿ ಆಳು ನಿಲ್ಲಿಸಿ ಎತ್ತುವುದು, ಹೈಡ್ರಾ ಕ್ರೇನಿನ ಕೊಕ್ಕೆಗೆ ಕಬ್ಬಿಣದ ಬುಟ್ಟಿ ಕಟ್ಟಿ ಏರಿಸುವುದೂ ನಡೆಯುತ್ತಿತ್ತು. ಈಗಲೂ ನಡೆಯುತ್ತದೆ, ನಡೆಯಬಾರದು. ಮಣ್ಣು ಎತ್ತುವ ಬಕೆಟ್ಟಿಗೆ ಕಟಕಟೆಯಿಲ್ಲ, ಮೇಲಿದ್ದವನ ಕೈಯಲ್ಲಿ ನಿಲ್ಲಿಸುವ ಗುಂಡಿಯೂ ಇಲ್ಲ. ಅದಕ್ಕೆ ಹೋಲಿಸಿದರೆ ಬಾಡಿಗೆಗೆ ಟ್ರೇಲರ್ ಮೇಲೆ ಬಂದಿಳಿಯುವ ಸಿಜರ್ ಲಿಫ್ಟ್ ಎಷ್ಟೋ ವಾಸಿ. ಕತ್ತರಿಯ ಹಾಗೆ ಒಂದರೊಳಗೊಂದು ಹೆಣೆದ ಉಕ್ಕಿನ ತೋಳುಗಳನ್ನು ಹೈಡ್ರಾಲಿಕ್ ಸಿಲಿಂಡರು ಬಿಚ್ಚುತ್ತದೆ, ನಾಲ್ಕೂ ಕಡೆ ಕಟಕಟೆ ಇರುವ ಅಟ್ಟ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಸರಿಯಾಗಿ ಬಳಸಿದರೆ ಎತ್ತರದ ಕೆಲಸಕ್ಕೆ ಇದರಷ್ಟು ನಂಬಿಕೆಯ ಯಂತ್ರ ಕಡಿಮೆ.

ನಮ್ಮ ಭಾಗದಲ್ಲಿ ಕಾರ್ಖಾನೆ ಸುರಕ್ಷತೆ ಎಂದರೆ ಜನರ ತಲೆಗೆ ಬರುವುದು ಬಾಯ್ಲರ್ ಮತ್ತು ಸ್ಫೋಟ. ಕುಳಲಿಯ ಡಿಸ್ಟಿಲರಿ ಘಟಕದಲ್ಲಿ 2018ರ ಡಿಸೆಂಬರ್ 16ರಂದು ಆದ ಸ್ಫೋಟ, ಅದರಲ್ಲಿ ಹೋದ ಜೀವಗಳು ಮುಧೋಳದವರಿಗೆ ಮರೆತಿಲ್ಲ. ಸ್ಫೋಟ ಸುದ್ದಿಯಾಗುತ್ತದೆ, ಮಂತ್ರಿಗಳು ಬರುತ್ತಾರೆ, ತನಿಖೆ ನಡೆಯುತ್ತದೆ. ಎತ್ತರದಿಂದ ಬೀಳುವವರು ಮಾತ್ರ ಒಬ್ಬೊಬ್ಬರಾಗಿಯೇ ಬೀಳುತ್ತಾರೆ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಹೆಚ್ಚು.

ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಒಂದು ವರ್ಷದ ಅವಧಿಯಲ್ಲಿ ಸಿಜರ್ ಲಿಫ್ಟಿಗೆ ಸಂಬಂಧಿಸಿದ 10 ಸಾವು, 20ಕ್ಕೂ ಹೆಚ್ಚು ಗಾಯದ ಪ್ರಕರಣಗಳನ್ನು ತನಿಖೆ ಮಾಡಿ, ಅವೆಲ್ಲವೂ ತಪ್ಪಿಸಬಹುದಾಗಿದ್ದವು ಎಂದು ಹೇಳಿತು. ಅದು ಗುರುತಿಸಿದ ಕಾರಣಗಳು ಬಿಡಿಸಲಾಗದ ಒಗಟೇನಲ್ಲ. ಬೀಳದಂತೆ ತಡೆ ಇರಲಿಲ್ಲ, ಯಂತ್ರ ಸ್ಥಿರವಾಗಿ ನಿಂತಿರಲಿಲ್ಲ, ಅಥವಾ ಸುತ್ತ ಏನಿದೆ ಎಂದು ನೋಡಿರಲಿಲ್ಲ.

ಮೊದಲು ನೆಲ ನೋಡಿ. 19 ಅಡಿಯ ಚಿಕ್ಕ ವಿದ್ಯುತ್ ಸಿಜರ್ ಲಿಫ್ಟ್ ಸುಮಾರು ಒಂದೂವರೆ ಟನ್ ತೂಗುತ್ತದೆ, 32 ಅಡಿಯದು ಮೂರು ಟನ್ನಿನ ಹತ್ತಿರ. ಇಷ್ಟು ಭಾರ ನಾಲ್ಕು ಸಣ್ಣ ಗಟ್ಟಿ ಚಕ್ರಗಳ ಮೇಲೆ ಕೂತಿರುತ್ತದೆ. ಈ ಯಂತ್ರ ಕಾಂಕ್ರೀಟ್ ನೆಲಕ್ಕೆ ಹುಟ್ಟಿದ್ದು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕಲ್ಲಿನಂತಿರುವ ಕಾರ್ಖಾನೆ ಅಂಗಳ ಮೊದಲ ಮಳೆಗೆ ಹದ ಬಿಟ್ಟು ಕೂರುತ್ತದೆ, ಅದರ ಮೇಲೆ ಎರಡು ಇಂಚು ಖಡಿ ಹರಡಿದರೆ ನೋಡುವವರ ಕಣ್ಣಿಗೆ ಗಟ್ಟಿ ಕಾಣುತ್ತದೆ ಅಷ್ಟೆ. ಅಂಥ ಕಡೆ ಕೆಲಸವಿದ್ದರೆ ದೊಡ್ಡ ಟಯರಿನ, ಡೀಸೆಲ್ ಎಂಜಿನ್ನಿನ, ಒರಟು ನೆಲಕ್ಕೆಂದೇ ಮಾಡಿದ ಲಿಫ್ಟ್ ತರಿಸಬೇಕು. ಬಾಡಿಗೆ ಕಡಿಮೆ ಎಂದು ಒಳಾಂಗಣದ ಯಂತ್ರ ತರಿಸಿ ಹೊರಗೆ ಓಡಿಸುವಲ್ಲೇ ಅರ್ಧ ಅಪಘಾತ ನಡೆದುಹೋಗಿರುತ್ತದೆ.

ಕಾಂಕ್ರೀಟಿನ ಮೇಲೂ ಕಣ್ಣು ಬೇಕು. ಮಿಲ್ ಹೌಸಿನ ಒಳಗೆ ಕೇಬಲ್ ಟ್ರೆಂಚು, ರಸದ ಗಟಾರಗಳ ಮೇಲೆ ಚೆಕರ್ ಪ್ಲೇಟ್ ಹಾಸಿರುತ್ತಾರೆ. ಮನುಷ್ಯ ನಡೆದರೆ ತಡೆಯುವ ಪ್ಲೇಟು ಟನ್ನುಗಟ್ಟಲೆ ಭಾರದ ಚಕ್ರ ತಡೆಯಬೇಕೆಂದಿಲ್ಲ. ಕಾಕಂಬಿ ಚೆಲ್ಲಿದ ಜಾಗದಲ್ಲಿ ಚಕ್ರವೂ ಜಾರುತ್ತದೆ, ಆಳಿನ ಬೂಟೂ ಜಾರುತ್ತದೆ. ಲಿಫ್ಟ್ ಹೋಗುವ ದಾರಿಯನ್ನು ಒಬ್ಬ ಮೊದಲು ನಡೆದು ನೋಡಿ, ಮುಚ್ಚಳಗಳಿದ್ದ ಕಡೆ ಸುಣ್ಣದಿಂದ ಗುರುತು ಹಾಕಿಬಿಟ್ಟರೆ ಹತ್ತು ನಿಮಿಷದ ಕೆಲಸ.

ಯಂತ್ರ ತಾನೇ ವಾಲುವಿಕೆಯನ್ನು ಅಳೆಯುತ್ತದೆ. ಚಿಕ್ಕ ಲಿಫ್ಟುಗಳಲ್ಲಿ ಅಡ್ಡಕ್ಕೆ ಸಾಮಾನ್ಯವಾಗಿ 1.5 ಡಿಗ್ರಿ, ಉದ್ದಕ್ಕೆ 3 ಡಿಗ್ರಿ ದಾಟಿದರೆ ಸೈರನ್ ಕೂಗಿ ಏರುವುದು ನಿಲ್ಲುತ್ತದೆ. 1.5 ಡಿಗ್ರಿ ಎಷ್ಟು? ಎರಡೂವರೆ ಅಡಿ ಅಗಲದ ಯಂತ್ರಕ್ಕೆ ಎಡಚಕ್ರ ಬಲಚಕ್ರದ ನಡುವೆ ಬರೀ ಎರಡು ಸೆಂಟಿಮೀಟರ್ ಏರುಪೇರು. ಸೈರನ್ ಕೂಗಿದಾಗ ನಮ್ಮವರ ಮೊದಲ ಉಪಾಯ ಚಕ್ರದ ಕೆಳಗೆ ಹಲಗೆ ತುರುಕುವುದು, ಎರಡನೆಯದು ಸೆನ್ಸರಿನ ವೈರು ಕಿತ್ತಿಡುವುದು. ಎರಡೂ ಬೇಡ. ಅಟ್ಟ ಇಳಿಸಿ, ಜಾಗ ಬದಲಿಸಿ.

ಅಟ್ಟ ಏರತೊಡಗಿದ ಕೂಡಲೇ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಒಂದು ಕಬ್ಬಿಣದ ಪಟ್ಟಿ ಕೆಳಗಿಳಿದು ನೆಲದಿಂದ ಒಂದಿಂಚಿನಷ್ಟೇ ಮೇಲೆ ನಿಲ್ಲುವುದನ್ನು ನೀವು ನೋಡಿರಬಹುದು. ಚಕ್ರ ಗುಂಡಿಗೆ ಇಳಿದರೂ ಯಂತ್ರ ಆ ಪಟ್ಟಿಯ ಮೇಲೆ ಕೂತುಕೊಳ್ಳಲಿ, ಮಗುಚದಿರಲಿ ಎಂದು ಇಟ್ಟದ್ದು. ಕಬ್ಬಿನ ಸಿಪ್ಪೆ, ಗಟ್ಟಿಯಾದ ಸಿಮೆಂಟ್ ಧೂಳು ಅದರ ಸಂದಿಗೆ ಸಿಕ್ಕಿಕೊಂಡು ಪಟ್ಟಿ ಪೂರ್ತಿ ಇಳಿಯದೇ ಇರುವುದುಂಟು. ಬೆಳಿಗ್ಗೆ ಖಾಲಿ ಅಟ್ಟವನ್ನು ಕೆಳಗಿನ ಗುಂಡಿಯಿಂದಲೇ ಎರಡು ಮೀಟರ್ ಏರಿಸಿ, ಮೊಣಕಾಲೂರಿ ಕೂತು ಎರಡೂ ಕಡೆ ಪಟ್ಟಿ ಇಳಿದಿದೆಯೇ ನೋಡಿ. ಅದೇ ಹೊತ್ತಿಗೆ ಹೈಡ್ರಾಲಿಕ್ ಎಣ್ಣೆ ಸೋರಿದೆಯೇ, ತೋಳಿನ ಪಿನ್ನುಗಳು ಜಾಗದಲ್ಲಿವೆಯೇ, ಟಯರು ಹರಿದಿದೆಯೇ, ಮೇಲಿನ ಮತ್ತು ಕೆಳಗಿನ ಕೆಂಪು ಗುಂಡಿಗಳು ಒತ್ತಿದರೆ ನಿಜಕ್ಕೂ ನಿಲ್ಲುತ್ತದೆಯೇ ಎಂಬುದೂ ಮುಗಿದುಬಿಡುತ್ತದೆ. ರಿಪೇರಿಗೆಂದು ಏರಿಸಿದ ಅಟ್ಟದ ಕೆಳಗೆ ಕೈ ಹಾಕುವುದಿದ್ದರೆ ಯಂತ್ರದಲ್ಲೇ ಇರುವ ಆಧಾರದ ಸರಳು ನಿಲ್ಲಿಸದೆ ಯಾರೂ ಒಳಗೆ ತಲೆ ಹಾಕಬಾರದು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಸಿಜರ್ ಲಿಫ್ಟಿನ ಕೆಲಸದಲ್ಲಿ ಎಲ್ಲರೂ ಮೇಲೆ ಹೋಗುವವನ ಬಗ್ಗೆ ಮಾತಾಡುತ್ತಾರೆ. ಅವನಿಗೆ ಹೆಲ್ಮೆಟ್ ಇದೆಯೇ, ಬೆಲ್ಟ್ ಇದೆಯೇ, ತರಬೇತಿ ಆಗಿದೆಯೇ? ಕೇಳಬೇಕಾದದ್ದೇ. ಕೆಳಗೆ ನಿಲ್ಲುವವ ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗ್ಯಾಂಗಿನಲ್ಲಿ ಎಲ್ಲರಿಗಿಂತ ಚಿಕ್ಕವ, ನಿನ್ನೆ ಮೊನ್ನೆ ಸೇರಿದ ಹೆಲ್ಪರ್ ಹುಡುಗನನ್ನು ಅಲ್ಲಿ ನಿಲ್ಲಿಸುತ್ತಾರೆ. ಅವನೂ ಹೆಚ್ಚು ಹೊತ್ತು ಅಲ್ಲಿರುವುದಿಲ್ಲ. "ಏ ತಮ್ಮಾ, ಅಂವಾ ಮ್ಯಾಲ ಆರಾಮ ಅದಾನ. ನೀ ಯಾಕ ಸುಮ್ಮ ನಿಂತಿ? ಹೋಗಿ ಸ್ಟೋರ್ಸ್‌ನಿಂದ ನಾಕ ಬೋಲ್ಟ್ ತಗೊಂಬಾ, ಬರ್ತಾ ಚಾ ಹೇಳಿ ಬಾ" ಎಂದು ಗುತ್ತಿಗೆದಾರ ಕೂಗಿದರೆ ಹುಡುಗ ಓಡುತ್ತಾನೆ.

ಅಷ್ಟರಲ್ಲಿ ಮೇಲಿದ್ದವನ ಬೆನ್ನು ತೊಲೆಗೆ ತಾಗಿ, ಎದೆ ಕಂಟ್ರೋಲ್ ಪೆಟ್ಟಿಗೆಯ ಮೇಲೆ ಬಿತ್ತೆನ್ನಿ. ಇದು ಈ ಯಂತ್ರಗಳಲ್ಲಿ ಪದೇ ಪದೇ ಆಗುವ ಸಾವಿನ ಬಗೆ. ಚಾವಣಿಯ ತೊಲೆ, ಪೈಪು, ಕೇಬಲ್ ಟ್ರೇಗಳ ಕೆಳಗೆ ಏರುವಾಗ ಮನುಷ್ಯ ಕಟಕಟೆ ಮತ್ತು ತೊಲೆಯ ನಡುವೆ ಸಿಕ್ಕಿಹಾಕಿಕೊಳ್ಳುತ್ತಾನೆ, ಅವನ ದೇಹದ ಭಾರವೇ ಜಾಯ್‌ಸ್ಟಿಕ್ಕನ್ನು ಇನ್ನೂ ಒತ್ತುತ್ತದೆ, ಕೂಗಲು ಉಸಿರಿರುವುದಿಲ್ಲ. ಆಗ ಬಿಡಿಸಬಲ್ಲವ ಕೆಳಗಿನವನೊಬ್ಬನೇ. ಯಂತ್ರದ ತಳದಲ್ಲಿ ಕೆಳಗಿನ ಕಂಟ್ರೋಲ್ ಇರುತ್ತದೆ, ಬೀಗದಕೈಯನ್ನು ಕೆಳಗಿನ ಕಡೆಗೆ ತಿರುಗಿಸಿದರೆ ಮೇಲಿನ ಜಾಯ್‌ಸ್ಟಿಕ್ಕಿಗೆ ಅಧಿಕಾರ ಹೋಗುತ್ತದೆ. ಅದೂ ಕೆಲಸ ಮಾಡದಿದ್ದರೆ, ಬ್ಯಾಟರಿ ಸತ್ತಿದ್ದರೂ ಸಹ, ತುರ್ತಾಗಿ ಇಳಿಸುವ ಹಿಡಿಕೆ ಬೇರೆಯಿದೆ. ಅದನ್ನು ಎಳೆದು ಹಿಡಿದರೆ ಅಟ್ಟ ತನ್ನ ಭಾರಕ್ಕೆ ತಾನೇ ನಿಧಾನ ಇಳಿಯುತ್ತದೆ. ಆ ಹಿಡಿಕೆ ಒಂದೊಂದು ಕಂಪನಿಯ ಯಂತ್ರದಲ್ಲಿ ಒಂದೊಂದು ಕಡೆ ಇರುತ್ತದೆ. ಮೇಲೆ ಒಬ್ಬ ಸಿಕ್ಕಿಕೊಂಡಿರುವಾಗ ಅದನ್ನು ಹುಡುಕುತ್ತ ಕೂರುವಂತಿಲ್ಲ.

ಹಾಗಾಗಿ ಕೆಳಗೆ ನಿಲ್ಲುವವ ಗ್ಯಾಂಗಿನ ಅನುಭವಸ್ಥನಾಗಿರಲಿ. ದಿನದ ಮೊದಲ ಏರಿಕೆಗೆ ಮುನ್ನ ಆ ಹಿಡಿಕೆಯನ್ನು ಅವನ ಕೈಯಲ್ಲೇ ಒಮ್ಮೆ ಎಳೆಸಿ ನೋಡಿ. ಅಟ್ಟ ಮೇಲಿರುವಷ್ಟು ಹೊತ್ತು ಅವನಿಗೆ ಬೇರೆ ಕೆಲಸ ಕೊಡಬೇಡಿ, ಬೋಲ್ಟು ತರಲು ಇನ್ನೊಬ್ಬ ಹೋಗಲಿ. "ಇಳಿ" ಎಂದು ಅವನು ಹೇಳಿದರೆ ಮೇಲಿದ್ದವ ಇಂಜಿನಿಯರನೇ ಆಗಿದ್ದರೂ ಇಳಿಯಬೇಕು. ಸುತ್ತ ಪಟ್ಟಿ ಕಟ್ಟಿ ಹೈಡ್ರಾ, ಟ್ರ್ಯಾಕ್ಟರು ಹತ್ತಿರ ಬರದಂತೆ ನೋಡಿಕೊಳ್ಳುವವನೂ ಅವನೇ. ಏರಿದ ಅಟ್ಟಕ್ಕೆ ಹಿಂದಕ್ಕೆ ಬರುವ ಟ್ರೇಲರ್ ತುಸು ತಗುಲಿದರೂ ಸಾಕು.

ಭಾರದ ಲೆಕ್ಕ ಬಹಳ ಜನ ತಪ್ಪುತ್ತಾರೆ. ಚಿಕ್ಕ ಲಿಫ್ಟಿನ ಮಿತಿ ಸುಮಾರು 230 ಕೆ.ಜಿ. ಇಬ್ಬರು ಆಳು 150, ಪಾನಾಗಳ ಡಬ್ಬಿ, ಗ್ರೈಂಡರು, ಕೇಬಲ್ ಸೇರಿ 30. ಆರು ಮೀಟರಿನ ಒಂದು ಚಾವಣಿ ಶೀಟು ಇನ್ನೊಂದು 30. ಒಂದು ಶೀಟಿಗೆ ಜಾಗವುಂಟು, ಎರಡನೆಯದು ಇಟ್ಟರೆ ಮಿತಿ ದಾಟಿತು. ತುಂಬಿದ ಆಕ್ಸಿಜನ್ ಸಿಲಿಂಡರೇ 60 ಕೆ.ಜಿ.ಗೂ ಹೆಚ್ಚು, ಅದನ್ನು ಕೆಳಗಿಟ್ಟು ಉದ್ದ ಪೈಪು ಎಳೆದುಕೊಳ್ಳಿ. ಅಟ್ಟದ ಒಂದು ಭಾಗ ಡ್ರಾವರಿನಂತೆ ಮುಂದಕ್ಕೆ ಚಾಚಿಕೊಳ್ಳುತ್ತದಲ್ಲ, ಅದರ ಮಿತಿ ಹೆಚ್ಚುಕಡಿಮೆ ಅರ್ಧ. ಇಬ್ಬರೂ ಅದರ ತುದಿಗೆ ಹೋಗಿ ನಿಲ್ಲಬಾರದು.

ಮೇಲೆ ನಿಂತು ಜಗ್ಗುವುದಕ್ಕೂ ಮಿತಿ ಇದೆ ಎಂದರೆ ಬಹಳಷ್ಟು ಫಿಟರುಗಳು ನಂಬುವುದಿಲ್ಲ. ಚಿಕ್ಕ ಯಂತ್ರದಲ್ಲಿ ಒಳಗಡೆ ಸುಮಾರು 40 ಕೆ.ಜಿ.ಯಷ್ಟು, ಹೊರಗಡೆ ಅದರ ಅರ್ಧದಷ್ಟು ಪಕ್ಕದ ಬಲಕ್ಕಿಂತ ಹೆಚ್ಚು ಹಾಕುವಂತಿಲ್ಲ. ಜಾಮಾದ ಬೋಲ್ಟಿಗೆ ಪಾನಾ ಹಾಕಿ, ಪಾನಾಕ್ಕೆ ಪೈಪು ತೊಡಿಸಿ ಮೈಯೆಲ್ಲ ಬಲ ಹಾಕಿ ಎಳೆಯುವವ ಎಷ್ಟು ಬಲ ಹಾಕುತ್ತಾನೆ ನೀವೇ ಯೋಚಿಸಿ. ಬೋಲ್ಟು ಥಟ್ಟನೆ ಸಡಿಲಾದರೆ ಆ ಬಲವೆಲ್ಲ ಯಂತ್ರದ ಮೇಲೆ. ಅಂಥ ಬೋಲ್ಟನ್ನು ಗ್ಯಾಸಿನಿಂದ ಕಾಯಿಸಿ ಬಿಚ್ಚಿ, ಇಲ್ಲವೇ ಸಾರವೆ ಕಟ್ಟಿ.

ಗಾಳಿಯ ಮಾತಿಗೆ ಬಂದರೆ, ಹೊರಗೆ ಬಳಸಬಹುದಾದ ಲಿಫ್ಟಿಗೆ ಸಾಮಾನ್ಯ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಒಳಾಂಗಣಕ್ಕೆ ಮಾತ್ರ ಎಂದು ಬರೆದಿದ್ದರೆ ಅದರ ಮಿತಿ ಸೊನ್ನೆ. ಒಂದೇ ಯಂತ್ರಕ್ಕೆ ಒಳಗೆ ಇಬ್ಬರು, ಹೊರಗೆ ಒಬ್ಬರೇ ಎಂದು ನಮೂದಿಸಿರುವುದೂ ಇದೇ ಕಾರಣಕ್ಕೆ. ಗಾಳಿ ಅಳೆಯುವ ಮೀಟರು ಇಲ್ಲದಿದ್ದರೆ ಕಣ್ಣಿನ ಲೆಕ್ಕ ಹೀಗಿದೆ: ಸಣ್ಣ ಮರಗಳು ಪೂರ್ತಿ ತೂಗತೊಡಗಿದರೆ ಗಾಳಿ 30 ಕಿ.ಮೀ. ದಾಟಿದೆ, ಇಳಿಯುವ ಹೊತ್ತಾಯಿತು. ದೊಡ್ಡ ಕೊಂಬೆ ಅಲ್ಲಾಡಿ ಕರೆಂಟ್ ತಂತಿ ಸುಯ್ಯೆನ್ನುತ್ತಿದ್ದರೆ ತಡವಾಗಿದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗಾಳಿ ಐದು ನಿಮಿಷದಲ್ಲಿ ಎದ್ದುಬರುತ್ತದೆ. ಆಷಾಢದ ಗಾಳಿ ಹಾಗಲ್ಲ, ವಾರಗಟ್ಟಲೆ ಬಿಡದೆ ಬೀಸುತ್ತದೆ. ಆಫ್ ಸೀಸನ್ ಕೆಲಸ ಬೀಳುವುದು ಈ ಎರಡರ ನಡುವೆಯೇ. ಕೈಯಲ್ಲಿ ಶೀಟು ಹಿಡಿದಾಗ ಮಿತಿಯ ಲೆಕ್ಕವೂ ಉಳಿಯದು, ಇಡೀ ಶೀಟು ಗಾಳಿಗೆ ಹಾಯಿಯಾಗುತ್ತದೆ. ಎದುರುಬದುರು ಬಾಗಿಲು ತೆರೆದಿಟ್ಟ ಗೋಡೌನಿನ ಒಳಗೂ ಗಾಳಿ ನುಗ್ಗುತ್ತದೆ ಎಂಬುದು ನೆನಪಿರಲಿ.

ಅಮೆರಿಕದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ 2010ರ ಅಕ್ಟೋಬರ್ 27ರಂದು ಡೆಕ್ಲನ್ ಸಲಿವನ್ ಎಂಬ 20 ವರ್ಷದ ವಿದ್ಯಾರ್ಥಿ ಫುಟ್‌ಬಾಲ್ ಅಭ್ಯಾಸವನ್ನು ಚಿತ್ರೀಕರಿಸಲು ಸಿಜರ್ ಲಿಫ್ಟ್ ಹತ್ತಿದ್ದ. ಗಂಟೆಗೆ 80 ಕಿ.ಮೀ. ಮೀರಿದ ಗಾಳಿಗೆ ಲಿಫ್ಟ್ ಉರುಳಿತು, ಹುಡುಗ ಸತ್ತ. ಆ ದಿನ ಬಿರುಗಾಳಿಯ ಮುನ್ಸೂಚನೆ ಇತ್ತು. ಅಭ್ಯಾಸವಂತೂ ನಿಲ್ಲಲಿಲ್ಲ.

ಹೆಸ್ಕಾಂ ತಂತಿಗಳ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಸಿಜರ್ ಲಿಫ್ಟ್ ತಲೆಯಿಂದ ಕಾಲಿನವರೆಗೆ ಕಬ್ಬಿಣ. 11 ಕೆ.ವಿ. ತಂತಿಯಿಂದ ಕನಿಷ್ಠ 3 ಮೀಟರ್ ದೂರ ಎಂದರೆ ಅಟ್ಟದಿಂದ ಅಳೆಯುವುದಲ್ಲ, ಮೇಲಿದ್ದವ ಎತ್ತಿ ಹಿಡಿದ ಪೈಪಿನ ತುದಿಯಿಂದ ಅಳೆಯಬೇಕು. ಅಷ್ಟು ಜಾಗವಿಲ್ಲದಿದ್ದರೆ ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು ಲೈನು ಬಂದ್ ಮಾಡಿಸಿ. ಲಿಫ್ಟ್ ತಂತಿಗೆ ತಗುಲಿಯೇಬಿಟ್ಟರೆ ಕೆಳಗಿನವ ಯಂತ್ರ ಮುಟ್ಟಬಾರದು, ಹತ್ತಿರವೂ ಹೋಗಬಾರದು. ಇಳಿಸುವ ಹಿಡಿಕೆ ಎಳೆಯುವ ಮಾತು ಇಲ್ಲಿ ಅನ್ವಯಿಸುವುದಿಲ್ಲ. ಮೇಲಿದ್ದವ ಅಲ್ಲೇ ಅಲುಗದೆ ಇರಬೇಕು. 1912ಕ್ಕೆ ಕರೆ ಮಾಡಿ ಲೈನು ಸತ್ತಿದೆ ಎಂದು ಖಾತ್ರಿಯಾಗುವವರೆಗೆ ಯಾರೂ ಧೈರ್ಯ ತೋರಿಸಬೇಡಿ.

ಬೆಲ್ಟಿನ ಬಗ್ಗೆ ಗೊಂದಲ ಬಹಳ. ಸಿಜರ್ ಲಿಫ್ಟಿನಲ್ಲಿ ಮೊದಲ ರಕ್ಷಣೆ ಕಟಕಟೆ. ಎರಡೂ ಪಾದ ಅಟ್ಟದ ಮೇಲಿರಬೇಕು, ಬಾಗಿಲಿನ ಸರಪಳಿ ಹಾಕಿರಬೇಕು. ಅರ್ಧ ಅಡಿ ಎಟುಕಲಿಲ್ಲವೆಂದು ಬಣ್ಣದ ಡಬ್ಬಿ ಬೋರಲು ಹಾಕಿ ನಿಂತರೆ ಕಟಕಟೆ ಮೊಣಕಾಲಿಗೆ ಬರುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಕಾರ್ಖಾನೆಯ ನಿಯಮವೋ ಯಂತ್ರದ ಕೈಪಿಡಿಯೋ ಬೆಲ್ಟ್ ಕೇಳಿದರೆ ಸೊಂಟದ ಬೆಲ್ಟ್ ಬೇಡ, ಇಡೀ ಮೈಯ ಹಾರ್ನೆಸ್ ತೊಟ್ಟು, ಗಿಡ್ಡ ಹಗ್ಗದಿಂದ ಅಟ್ಟದಲ್ಲಿ ಅದಕ್ಕೆಂದೇ ಇಟ್ಟ ಕೊಂಡಿಗೆ ಸಿಕ್ಕಿಸಬೇಕು. ಹಗ್ಗವನ್ನು ಚಾವಣಿಯ ತೊಲೆಗೆ ಕಟ್ಟಿ ಅಟ್ಟ ಇಳಿಸಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಲಿಫ್ಟಿನಿಂದ ಚಾವಣಿಯ ಮೇಲೆ ದಾಟುವುದಂತೂ ಕೂಡದು. ಹಳೆಯ ಗೋಡೌನುಗಳ, ರಬಕವಿ-ಬನಹಟ್ಟಿಯ ಹಳೆಯ ಮಗ್ಗದ ಶೆಡ್ಡುಗಳ ಸಿಮೆಂಟ್ ಶೀಟು ಮಳೆ ಬಿಸಿಲಿಗೆ ಬೆಂದು ಹಪ್ಪಳವಾಗಿರುತ್ತದೆ. ಮೇಲಿನಿಂದ ಗಟ್ಟಿ ಕಾಣುವ ಶೀಟು ಕಾಲಿಟ್ಟ ಕೂಡಲೇ ಒಡೆದು ಆಳು ನೇರ ನೆಲಕ್ಕೆ ಬರುತ್ತಾನೆ.

ನಮ್ಮ ಕಾರ್ಖಾನೆಗಳಿಗೇ ಸೇರಿದ ಎರಡು ಮಾತು. ಇಥೆನಾಲ್ ತಯಾರಿಸುವ, ತುಂಬಿಡುವ ಜಾಗಕ್ಕೆ ಸಾಮಾನ್ಯ ವಿದ್ಯುತ್ ಲಿಫ್ಟ್ ಒಯ್ಯಬಾರದು. ಅದರ ಮೋಟರು, ಸ್ವಿಚ್ಚುಗಳ ಕಿಡಿ ಆವಿಗೆ ತಗುಲಿದರೆ ಸಾಕು. ಬ್ಯಾಟರಿ ಚಾರ್ಜಿಗೆ ಹಾಕುವುದೂ ಗಾಳಿಯಾಡುವ ಕಡೆ ಇರಲಿ, ಬಗ್ಯಾಸ್ ಒಟ್ಟಿದ ಜಾಗದಿಂದ ದೂರ. ಇನ್ನು ತೊಲೆಗಳ ಮೇಲೆ ಕೂತ ಸಕ್ಕರೆ ಧೂಳು. ಲಿಫ್ಟ್ ಸಿಕ್ಕಿದೆಯೆಂದು ಗಾಳಿಯ ಪೈಪು ಹಿಡಿದು ಅದನ್ನೆಲ್ಲ ಊದಿ ಉದುರಿಸುವವರಿದ್ದಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 2008ರ ಫೆಬ್ರುವರಿ 7ರಂದು 14 ಜನರನ್ನು ಕೊಂದದ್ದು ಇಂಥ ಸಕ್ಕರೆ ಧೂಳಿನ ಸ್ಫೋಟವೇ. ಧೂಳನ್ನು ಊದಬೇಡಿ, ಕಿಡಿ ಹುಟ್ಟಿಸದ ವ್ಯಾಕ್ಯೂಮಿನಿಂದ ಎಳೆಯಿರಿ.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮಿನಲ್ಲಿಯೇ, ಬೀಳುವ ಸಾಧ್ಯತೆಯಿರುವ ಎತ್ತರದಲ್ಲಿ ಕೆಲಸ ಮಾಡಿಸುವಾಗ ತಡೆ ಕಟ್ಟುವ ಹೊಣೆ ಕಾರ್ಖಾನೆಯ ಮೇಲಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಜೀವಕ್ಕೆ ಅಪಾಯವಿದೆ ಎಂದು ಅನಿಸಿದರೆ ಕಾರ್ಮಿಕ ನೇರವಾಗಿ ಮಾಲೀಕರಿಗೂ ಸರ್ಕಾರದ ನಿರೀಕ್ಷಕರಿಗೂ ತಿಳಿಸುವ ಹಕ್ಕು ಅದರಲ್ಲಿದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಆಳು ಗುತ್ತಿಗೆದಾರನವನು, ನಮ್ಮವನಲ್ಲ ಎಂದು ಹೇಳಿ ಅಪಘಾತ ಪರಿಹಾರದ ಹೊಣೆಯಿಂದ ಮುಖ್ಯ ಮಾಲೀಕರು ಜಾರಿಕೊಳ್ಳಲಾಗದು.

ಯಂತ್ರ ಬಾಡಿಗೆಗೆ ತರುವವರು ಗಮನಿಸಬೇಕಾದ್ದು ಬೇರೆಯೇ. ಟ್ರ್ಯಾಕ್ಟರು, ಜೆಸಿಬಿ ಓಡಿಸಿದ ಕೈಗೆ ಜಾಯ್‌ಸ್ಟಿಕ್ ಕೊಟ್ಟುಬಿಟ್ಟರೆ ಆಪರೇಟರ್ ಆಗುವುದಿಲ್ಲ. ಇಂಥ ಯಂತ್ರಗಳ ಅಂತರರಾಷ್ಟ್ರೀಯ ಸಂಸ್ಥೆ ಐಪಾಫ್ ತರಬೇತಿ ಕೊಟ್ಟು ಐದು ವರ್ಷ ಚಾಲ್ತಿಯಲ್ಲಿರುವ ಕಾರ್ಡು ಕೊಡುತ್ತದೆ, ಕಾರ್ಡಿದ್ದವನನ್ನೇ ಕೇಳಿ ಕರೆಸಿ. ಇದ್ದರೂ ಬಂದಿಳಿದ ಯಂತ್ರವನ್ನು ಅವನಿಗೂ ಕೆಳಗಿನವನಿಗೂ ಕೂರಿಸಿ ಪರಿಚಯ ಮಾಡಿಕೊಡುವುದು ಬಾಡಿಗೆ ಕೊಟ್ಟವರ ಕೆಲಸ. ಯಂತ್ರದ ಮೇಲಿನ ಸ್ಟಿಕ್ಕರುಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಎಷ್ಟು ಜನ, ಎಷ್ಟು ಕೆ.ಜಿ., ಹೊರಗೆ ಬಳಸಬಹುದೋ ಇಲ್ಲವೋ, ಇಷ್ಟನ್ನಾದರೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ಕಟಕಟೆಗೆ ತೂಗುಹಾಕಲು ಖರ್ಚೇನೂ ಇಲ್ಲ. ಸಂಜೆ ಅಟ್ಟ ಇಳಿಸಿ ಬೀಗದಕೈ ತೆಗೆದು ಸೂಪರ್‌ವೈಸರನ ಕೈಗೆ ಕೊಡಿ, ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲಿ ಯಾರೋ ಹತ್ತುತ್ತಾರೆ.

ಬಾಡಿಗೆ ಸಾಮಾನ್ಯವಾಗಿ ದಿನದ ಲೆಕ್ಕ ಅಥವಾ ತಿಂಗಳ ಲೆಕ್ಕ. ಗಾಳಿಯೆಂದು ಅರ್ಧ ದಿನ ಯಂತ್ರ ನಿಂತರೆ ಆ ಬಾಡಿಗೆ ಯಾರ ಮೈಮೇಲೆ? ಕೆಲಸದ ಆರ್ಡರಿನಲ್ಲಿ ಇದು ಬರೆದಿರುವುದಿಲ್ಲ. ಬರೆಯದಿದ್ದರೆ ಅದು ಗುತ್ತಿಗೆದಾರನ ತಲೆಗೆ ಬರುತ್ತದೆ, ಅವನಿಂದ ಗ್ಯಾಂಗಿನ ಮೇಲೆ, ಕೊನೆಗೆ "ಇಳಿ" ಎಂದು ಹೇಳಬೇಕಾದವನ ಬಾಯಿ ಮುಚ್ಚುತ್ತದೆ. ಗಾಳಿ, ಮಳೆ, ಲೈನು ಬಂದ್ ಮಾಡಿಸಲು ಕಾದ ಹೊತ್ತು, ಇವುಗಳ ಬಾಡಿಗೆ ಕಾರ್ಖಾನೆಯದು ಎಂಬ ಒಂದು ಸಾಲನ್ನು ಆರ್ಡರಿಗೆ ಸಹಿ ಹಾಕುವ ಮೊದಲೇ ಸೇರಿಸಿಕೊಳ್ಳಿ. ಅದರ ಕೆಳಗೆ, ಅಟ್ಟ ಏರಿರುವಷ್ಟು ಹೊತ್ತು ಕೆಳಗೆ ನಿಲ್ಲುವವನ ಪಗಾರವೂ ಬಿಲ್ಲಿನಲ್ಲಿ ಬೇರೆಯಾಗಿ ಬರಲಿ.